ಒಲೆಯೋ ಓಲೆಯೋ

ಕಿವಿಯ ಮೇಲಿನ ಈ ಹೆಡ್‌ಫೋನಿನ ಸ್ಪಂಜು ತಣ್ಣಗಿದೆ, ಒಳಗೆ ಬರೀ ಸರಸರ, ಹಳೆಯ ಟೇಪು ಉಸಿರೆಳೆದುಕೊಳ್ಳುವ ಸದ್ದು, ಇನ್ನೇನು ಅಕ್ಕನ ದನಿ ಬರುತ್ತದೆ — ಅಕ್ಕ ಹೋಗಿ ಇವತ್ತಿಗೆ ಐವತ್ತೆರಡು ದಿನ, ದೇವರೇ, ನೀನು ಕೊಟ್ಟ ದನಿಯನ್ನು ನೀನೇ ಕರೆಸಿಕೊಂಡೆ, ಸರಿ, ನಿನ್ನದು ನಿನಗೆ, ಆದರೆ ಈ ಡಬ್ಬಿಯೊಳಗೆ ಒಂದಿಷ್ಟು ಬಿಟ್ಟಿದ್ದೀಯಲ್ಲ, ಅದಕ್ಕೆ ಕೈಮುಗಿದೆ — ಸಾರ್, ಜೋರಾಯ್ತಾ, ಕಮ್ಮಿ ಮಾಡ್ಲಾ, ಎನ್ನುತ್ತಾಳೆ ಯಂತ್ರದ ಮುಂದೆ ಕೂತ ಹೆಣ್ಣುಮಗಳು, ಬೇಡಮ್ಮ, ಇರಲಿ. ಪಕ್ಕದಲ್ಲಿ ಸಂಪಾದಕ, ಅಕ್ಕನ ಹಾಡುಗಳನ್ನೆಲ್ಲ ಒಟ್ಟುಮಾಡಿ ಹೊಸದಾಗಿ ಹೊರತರುತ್ತಿರುವವನು, ಅವನ ತೊಡೆಯ ಮೇಲೆ ನನ್ನ ಎರಡು ನೋಟ್‌ಬುಕ್ಕು, ಅದರ ಮೇಲೆ ಇವತ್ತು ಅಚ್ಚಿಗೆ ಹೋಗಬೇಕಾದ ಹಾಳೆ, ಗಾಯನ ಎಂಬಲ್ಲಿ ಅಕ್ಕನ ಹೆಸರು, ಸಾಹಿತ್ಯ ಮತ್ತು ಸಂಗೀತ ಎಂಬಲ್ಲಿ ನನ್ನ ಹೆಸರು. ಒಂದು ಸಹಿ ಹಾಕ್ಬಿಡಿ ಮೇಷ್ಟ್ರೇ. ನಲವತ್ತೊಂದು ವರ್ಷದ ಸುಳ್ಳಿಗೆ ಇನ್ನೊಂದು ಸಹಿ. ಅವತ್ತು ಆ ಕ್ಯಾಸೆಟ್ ಕಂಪನಿಯ ಯಜಮಾನ ಕುರ್ಚಿಯಿಂದ ಏಳಲೂ ಇಲ್ಲ, ಹೆಂಗಸರು ಹಾಡ್ತಾರೆ, ಒಪ್ಪಿದೆ, ಹಾಡು ಕಟ್ಟಿದ್ಯಾರು — ನಾನೇ, ಅಂದಳು ಅಕ್ಕ — ಅವನು ನನ್ನತ್ತ ನೋಡಿ ನಕ್ಕ, ತಮ್ಮನ ಹೆಸರು ಬರ್ಕೊಳ್ಳಯ್ಯ ಅಂದ ಗುಮಾಸ್ತನಿಗೆ. ಇರ್ಲಿ ಬಿಡೋ, ಮೊದ್ಲು ಹಾಡು ಹೊರಗೆ ಹೋಗ್ಲಿ, ಹೆಸ್ರು ಹಿಂದಿಂದ ಓಡ್ಕೊಂಡು ಬರುತ್ತೆ, ಅಂದಳು ಮೆಟ್ಟಿಲಿಳಿಯುತ್ತಾ. ಬರಲಿಲ್ಲ. ಬರುವ ದಾರಿಗೆ ಅಡ್ಡ ನಿಂತವನು ನಾನೇ. ಶಾಲೆಯಲ್ಲಿ ಕವಿಗಳೇ ಕವಿಗಳೇ ಎಂದು ಕರೆದಾಗ ತಿದ್ದಲಿಲ್ಲ, ಬಿಟ್ಟಿ ಬಂದ ಕಿರೀಟ ತಲೆಗೆ ಎಷ್ಟು ಬೇಗ ಹೊಂದಿಕೊಳ್ಳುತ್ತದೆ. ಈಗ ಯಾರಾದರೂ ಹಾಡು ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.

ನಾನೂ ಬರೀತಿದ್ದೆ ಸಾರ್, ಎನ್ನುತ್ತಿದ್ದಾಳೆ ಈ ಹೆಣ್ಣುಮಗಳು, ನನ್ನ ಮುಖ ನೋಡದೆ, ಗುಂಡಿ ತಿರುಗಿಸುತ್ತಾ, ಒಂದೈದಾರು ಹಾಡು, ರಾಗಾನೂ ನಂದೇ, ನಮ್ಮಪ್ಪ ಅಂದ್ರು, ಅಷ್ಟು ದೊಡ್ಡ ಗಾಯಕೀನೇ ತಮ್ಮ ಬರ್ದಿದ್ದು ಹಾಡ್ಕೊಂಡಿದ್ರು, ನೀನೇನು ಮಹಾ, ಅಂತ. ಬಿಟ್ಬಿಟ್ಟೆ. — ಅಯ್ಯೋ ಸ್ವಾಮಿ, ಒಬ್ಬಳ ಹಾಡು ಕದ್ದೆ ಅಂದುಕೊಂಡಿದ್ದೆ, ಇನ್ನೆಷ್ಟು ಜನರ ಬಾಯಿ ಕಟ್ಟಿದೆ. ಅಮ್ಮಾ, ಅವು ನನ್ನವಲ್ಲ. ಹೇಳಿಬಿಟ್ಟೆನೇ? ಹೇಳಿಬಿಟ್ಟೆ. ಸಂಪಾದಕ ನನ್ನ ಹೆಗಲ ಮೇಲೆ ಕೈಯಿಡುತ್ತಾನೆ, ದುಃಖದಲ್ಲಿ ಹಾಗನ್ಸುತ್ತೆ ಮೇಷ್ಟ್ರೇ, ಎರಡು ನೋಟ್‌ಬುಕ್ಕೂ ನಿಮ್ಮ ಕೈಬರಹ, ಅವರು ಬರ್ದಿದ್ದು ಒಂದು ಚೀಟಿಯಾದ್ರೂ ಇದ್ಯಾ? ಎಲ್ಲಿಂದ ತರಲಿ, ಅಕ್ಕನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ನಾನು ದುಂಡಗೆ ನಕಲು ಮಾಡುತ್ತಿದ್ದೆ, ಮುಗಿಯಿತಾ ಮೇಷ್ಟ್ರೇ ಎಂದು ಕೇಳಿ ಅದೇ ಚೀಟಿಯಿಂದ ಒಲೆ ಹೊತ್ತಿಸುತ್ತಿದ್ದಳು — ಒಲೆ. ಒಲೆ! ಐದನೇ ಹಾಡು ಹಾಕಮ್ಮ. ನೋಟ್‌ಬುಕ್ಕಿನಲ್ಲಿ ನೋಡಿ, ಏನಿದೆ, ಓಲೆಯುರಿಯುತ್ತಿದೆ ಒಳಗೊಳಗೇ, ಹೊಗೆಯೇ ಇಲ್ಲದೆ ಹೊರಗಡೆಗೆ. ಈ ಓಲೆ ವಿರಹದ ಪತ್ರ ಅಂತ ಒಬ್ಬರು ಭಾಷಣ ಮಾಡಿದರು, ಜೀವನು ದೇವನಿಗೆ ಬರೆದ ಪತ್ರ ಅಂತ ಇನ್ನೊಬ್ಬರು, ನಾನು ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದೆ. ಅಕ್ಕ ಬರೆದದ್ದು ಒಲೆ. ಅನ್ನ ಬೇಯಿಸುವ ಒಲೆ. ಮಕ್ಕಳಿಗೆ ಹ್ರಸ್ವ ದೀರ್ಘ ಕಲಿಸಿ ಸಂಬಳ ತಿಂದ ಮೇಷ್ಟ್ರು ನಕಲು ಮಾಡುವಾಗ ಒ ಬದಲು ಓ ಬರೆದ. ತಾಳ ಹಾಕಿ ನೋಡಪ್ಪ — ಒ, ಲೆ, ಯು, ರಿ, ನಾಲ್ಕು ಮಾತ್ರೆ. ಈಗ ಓ ಎಳೆ. ಐದು. ಕಟ್ಟಿದವನು ನಾನೇ ಆಗಿದ್ದರೆ ನನ್ನ ತಾಳಕ್ಕೆ ನಾನೇ ಕಲ್ಲು ಹಾಕುತ್ತಿದ್ದೆನೇ, ಹಾಕಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದದ್ದು ಅಕ್ಕನಿಗೆ, ಹಾಡುವಾಗಲೇ, ಕೈಯಲ್ಲಿ ನನ್ನ ಹಾಳೆ, ಓ ಅಂದು ಎಳೆದಾಗಿತ್ತು, ರೆಕಾರ್ಡಿಂಗ್ ಕೋಣೆಯ ಗಾಜಿನಾಚೆಯಿಂದ ನನ್ನನ್ನು ನೋಡಿದಳು, ಕೆನ್ನೆ ಉಬ್ಬಿತ್ತು, ನಗು ತುಟಿಯೊಳಗೆ, ಯುರಿ ಎರಡನ್ನೂ ಒಂದೇ ಏಟಿಗೆ ಮಡಚಿ ತಾಳಕ್ಕೆ ಬಂದು ಕೂತಳು. ಹೊರಗೆ ಬಂದು, ತಪ್ಪು ನಿಂದು, ಹಾಡು ನಂದು, ಹೀಗೇ ಇರ್ಲಿ ಕಣೋ, ಚೆನ್ನಾಗಿದೆ, ಅಂದಳು. ಸಂಪಾದಕ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದಾನೆ, ನಾಲ್ಕು, ಇನ್ನೊಮ್ಮೆ, ಐದು, ಮತ್ತೆ ಹಾಕಮ್ಮ ಎನ್ನುತ್ತಾನೆ, ಓ — ಗಾಜಿನಾಚೆ ಅಕ್ಕ, ಉಬ್ಬಿದ ಕೆನ್ನೆ — ಅಲ್ಲಿ ಉಸಿರು ಸಿಕ್ಕಿಕೊಂಡಿದೆ ಅಂತ ತೆಗೆದುಹಾಕೋಳಿದ್ದೆ ಸಾರ್, ನಗೂನಾ ಅದು! — ನಗುವೇ ಕಣಮ್ಮ, ತೆಗೆಯಬೇಡ. ಸಂಪಾದಕ ನನ್ನ ಹೆಸರಿನ ಮೇಲೆ ಗೆರೆ ಎಳೆದು ಅಕ್ಕನ ಹೆಸರು ಬರೆಯುತ್ತಿದ್ದಾನೆ, ಎರಡು ಕಡೆ, ಕೆಳಗೆ ತಪ್ಪು ಅಂತ ಬರ್ದು ತಮ್ಮನ ಹೆಸ್ರೂ ಹಾಕೋಣ್ವಾ, ಈ ಹೆಣ್ಣುಮಗಳು ಕೇಳುತ್ತಾಳೆ, ಹಾಕು, ದಪ್ಪ ಅಕ್ಷರದಲ್ಲಿ ಹಾಕು, ನಾನೇ ಬರೆದುಕೊಡುತ್ತೇನೆ, ಬೇಡ ಸಾರ್, ನಿಮ್ಮ ಕೈಗೆ ಪೆನ್ನು ಕೊಟ್ರೆ ಕಷ್ಟ — ನಗುತ್ತಿದ್ದೇವೆ ಮೂವರೂ, ಐವತ್ತೆರಡು ದಿನದಲ್ಲಿ ಮೊದಲ ಸಲ, ಅವಳು ಯಾರೂ ಹೇಳದೆಯೇ ಟೇಪು ಹಿಂದಕ್ಕೆ ಓಡಿಸುತ್ತಾಳೆ, ಬೆರಳಲ್ಲಿ ತಾಳ, ತುಟಿಯಲ್ಲಿ ಇನ್ನೇನೋ ಬೇರೆ ಮಾತು, ಅದು ನಿನ್ನದೇನಮ್ಮ, ಹ್ಞೂಂ ಸಾರ್, ಹಳೇದು, ಅರ್ಧಕ್ಕೆ ಬಿಟ್ಟಿದ್ದು, ಜೋರಾಗಿ ಹೇಳು, ತಡೀರಿ, ಇದು ಇನ್ನೊಂದ್ಸಲ ಕೇಳೋಣ, ಸರಸರ, ಸರಸರ, ಓ — ಗಾಜಿನಾಚೆ ಅಕ್ಕ, ಉಬ್ಬಿದ ಕೆನ್ನೆ, ತುಟಿಯೊಳಗೆ ನಗು — ಓ — ಗಾಜಿನಾಚೆ ಅಕ್ಕ —