ಚಂದ್ರಿಗೆ ಲಾಡಿ

೧
ಮಾರ್ಚ್ ತಿಂಗಳು. ಹುನಗುಂದದ ಎರೆಹೊಲಗಳಲ್ಲಿ ಬಿಳಿಜೋಳದ ರಾಶಿ ಮುಗಿದಿತ್ತು. ಇಳಕಲ್ಲಿನ ಓಣಿಯಲ್ಲಿ ಹುಣಸೆಹಣ್ಣು ಬಡಿಯುತ್ತಿದ್ದರು. ಕಾಸಿಂಬಿ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಸೈನ್ಯಕ್ಕೆ ಲಾಡಿ ನೇಯುತ್ತಿದ್ದಳು.

(ಹೀಗೆ ಸುರು ಮಾಡಬಹುದೆ? ಇದು ರಕ್ಷಣಾ ಖರೀದಿಯ ಕಥೆ. ಮೊದಲ ಡ್ರಾಫ್ಟು ದಿಲ್ಲಿಯಲ್ಲಿ ಸುರುವಾಗಿ ನಾಲ್ಕು ಪುಟ ಓಡಿತು. ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಹರಿದೆ. ನನ್ನದು ಎತ್ತಿನ ನಡಿಗೆ, ತಡೆದುಕೊಳ್ಳಿ.)

ಲಾಡಿ ಎಂದರೆ ಹೇಸರಗತ್ತೆಯ ಬೆನ್ನಿನ ಹೊರೆ ಜಾರದಂತೆ ಹೊಟ್ಟೆಗೆ ಬಿಗಿಯುವ ದಪ್ಪ ನೂಲಿನ ಪಟ್ಟಿ. ಆರು ವರ್ಷದಿಂದ ನೇಕಾರರ ಸಂಘಕ್ಕೆ ಇದೇ ಆರ್ಡರು. ಕಾಸಿಂಬಿಯ ಮಗ್ಗಕ್ಕೆ ಬೇರೆ ಕೆಲಸವಿಲ್ಲ.

೨
ಸಂಘದ ಕಾರ್ಯದರ್ಶಿ ಅಮರೇಶ, ಸೈನ್ಯದ ಹೇಸರಗತ್ತೆ ದಳದಲ್ಲಿದ್ದು ಬಂದ ಹವಾಲ್ದಾರ. ಎಡಗಾಲಿನ ಎರಡು ಬೆರಳು ಹಿಮದಲ್ಲಿ ಹೋಗಿವೆ.

ಕಾಸಿಂಬಿಯ ಮನೆತನಕ್ಕೊಂದು ರೂಢಿ: ಮಗ್ಗದಿಂದಿಳಿದ ಸೀರೆ ಯಾರ ಮನೆಗೆ ಹೋಯಿತು, ಉಟ್ಟವರು ಏನಂದರು ಎಂದು ಕೇಳಿದ ಮೇಲೆಯೇ ಮುಂದಿನ ಹಾಸು, ಅಂದರೆ ಉದ್ದದೆಳೆ, ಮಗ್ಗಕ್ಕೆ ಹೂಡುವುದು. ಲಾಡಿಯ ಬಗ್ಗೆಯೂ ಹಾಗೇ ಕೇಳಿದಳು. ಅಮರೇಶನಿಗೆ ಥಟ್ಟನೆ ನೆನಪಾದದ್ದು ತನ್ನ ಹೇಸರಗತ್ತೆ ಚಂದ್ರಿ. ಲಾಡಿ ಅದಕ್ಕೇ ಹೋಗುತ್ತದೆ ಎಂದ. ಆಮೇಲೆ ವರ್ಷವರ್ಷವೂ ಚಂದ್ರಿಯ ಸುದ್ದಿ ಕಟ್ಟಬೇಕಾಯಿತು. ಒಮ್ಮೆ, ಹೊಟ್ಟೆ ಉಜ್ಜಿ ಗಾಯವಾಗಿದೆ ಎಂದುಬಿಟ್ಟ. ಅಂದಿನಿಂದ ಅವಳು ಅಂಚಿಗೆ ಮೆತ್ತನೆಯ ನೂಲು ಸೇರಿಸತೊಡಗಿದಳು. ಅದನ್ನು ಯಾರೂ ಕೇಳಿರಲಿಲ್ಲ.

ಚಂದ್ರಿ ಸತ್ತು ಏಳು ವರ್ಷ. ಮರುವರ್ಷ ದಳವನ್ನೇ ಮುಚ್ಚಿದರು. ಖರೀದಿಯ ಯಾದಿಯಿಂದ ಲಾಡಿಯನ್ನು ಹೊಡೆದುಹಾಕಲು ಮಾತ್ರ ಯಾರೂ ಪೆನ್ನೆತ್ತಲಿಲ್ಲ. (ದಳವೂ ಯಾದಿಯೂ ನಾನು ಕಟ್ಟಿದ್ದು. ಅಮರೇಶ ಕಟ್ಟಿದ್ದಕ್ಕಿಂತ ನನ್ನ ಸುಳ್ಳು ದೊಡ್ಡದು.)

೩
ಖರೀದಿ ಸುಧಾರಣೆಯ ತಂಡವೊಂದು ಸಂಘಕ್ಕೆ ಬಂತು. ಮೂರು ಜನ, ಒಂದು ಲ್ಯಾಪ್‌ಟಾಪ್. ಅದರಲ್ಲೊಂದು ಕಾಲಂ: ಈ ಸಾಮಾನು ಬಳಕೆಯಲ್ಲಿದೆಯೇ? ಮಾಜಿ ಸೈನಿಕನ ಮಾತೇ ಪುರಾವೆ.

ಒಂದನೆಯ ಅಂತ್ಯ: ಅಮರೇಶ ‘ಹೌದು’ ಎನ್ನುತ್ತಾನೆ, ಮಗ್ಗ ಉಳಿಯುತ್ತದೆ. ಬರೆದೂಬಿಟ್ಟೆ. ಅವನು ಒಪ್ಪಲಿಲ್ಲ.

“ಬೂಟು ತೂತಾದಾಗ ಮೂರು ಸಲ ಅರ್ಜಿ ಕೊಟ್ಟೇನ್ರಿ. ರೊಕ್ಕ ಇಲ್ಲ ಅಂದ್ರು. ಅದ ವಾರ ಮುಚ್ಚೂ ದಳದ ಗೋದಾಮಿಗೆ ಎರಡು ಟ್ರಕ್ ಲಾಡಿ ಬಂದು ಬಿದ್ದುವು. ನನ್ನ ಬೆರಳು ವೈರಿ ಒಯ್ದಿಲ್ಲ. ಇದನ್ನ ಬರೀರಿ.”

ಎರಡನೆಯ ಅಂತ್ಯ: ತಂಡದವರು ಲಾಡಿ ನಿಲ್ಲಿಸಿ ಉಣ್ಣೆ ಕಾಲುಚೀಲದ ಆರ್ಡರು ಕೊಡುತ್ತಾರೆ. (ಸೂಜಿಯಲ್ಲಿ ಹೆಣೆಯುವ ಕಾಲುಚೀಲವನ್ನು ಕುಣಿಮಗ್ಗದಲ್ಲಿ ನೇಯುವ ಸಾಹೇಬ ಯಾರು ಎಂದು ಕಾಸಿಂಬಿ ನಕ್ಕಳು. ಅದನ್ನೂ ಹರಿದೆ.)

೪
ಆದದ್ದಿಷ್ಟು. ಅಮರೇಶ ಕಾಸಿಂಬಿಯ ಎದುರಿಗೇ ಹೇಳಿದ.

“ಇಲ್ರಿ. ಒಂದೂ ಬಳಸಿಲ್ಲ. ಇಲಿ ತಿಂತಾವು.”

ತಂಡದವರು ಬರೆದುಕೊಂಡರು, ಚಹಾ ಕುಡಿದರು, ಇಂಥ ಪ್ರಾಮಾಣಿಕರು ಬೇಕು ಎಂದು ಹೊಗಳಿ ಹೋದರು.

“ಚಂದ್ರಿ?” ಎಂದಳು ಕಾಸಿಂಬಿ.

“ಇಲ್ಲ ಯಕ್ಕಾ. ನೀ ಲಾಡಿ ಹಿಡಿಯೂಕಿಂತ ಮೊದಲ ಸತ್ತೈತಿ.”

ಅವಳು ಮಗ್ಗದ ಮೇಲಿನ ಲಾಡಿಯ ಮೆತ್ತನೆ ಅಂಚನ್ನು ಬೆರಳಿಂದ ತೀಡಿದಳು. “ಸತ್ತದ್ದರ ಹೊಟ್ಟಿ ಉಜ್ಜಬಾರದಂತ ಕಣ್ಣು ಸವೆಸಿದೆನಲ್ಲೋ,” ಎಂದಳು.

೫
ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ. ದೇಶದ ದುಡ್ಡು ಉಳಿಯಿತು, ಸತ್ಯ ಗೆದ್ದಿತು. ಪೆನ್ನಿಗೆ ಟೋಪಿ ಹಾಕುತ್ತಿದ್ದೆ. ಕಾಸಿಂಬಿ ನನ್ನತ್ತ ತಿರುಗಿದಳು.

“ಅಂವ ಖರೆ ಹೇಳಿದ, ತಪ್ಪಲ್ಲ. ನೀ ಹೇಳು. ಮಗ್ಗದಾಗ ಇನ್ನ ಇಪ್ಪತ್ತು ಮೊಳ ಹಾಸು ಐತಿ. ನೇಯ್ಲೋ, ಕೊಯ್ಲೋ?”

ತಂಡದ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಅವಳನ್ನು ಇಲ್ಲಿಗೆ ತಂದು ಕೂರಿಸಿದವನು ನಾನು, ಉತ್ತರದ ಋಣ ನನ್ನದೇ. ಗೊತ್ತಿಲ್ಲ ಎಂದೆ.

“ಹಂಗಾರ ಗೊತ್ತಾಗೂ ತನಕ ಕೂಡು,” ಎಂದು ಚಾಪೆ ಹಾಸಿದಳು.

ಕೂತಿದ್ದೇನೆ.