ಹುಲ್ಲಿನ ಜಾಗದಲ್ಲಿ ರಾಗಿ

ಕರಿ ಬೂಟು, ಹೊಳೆಯುವ ಕರಿ ಬೂಟು, ಜೀಪಿನಿಂದ ಮೊದಲು ಇಳಿದದ್ದೇ ಅವು, ಮೇಲಿನ ಮನುಷ್ಯ ಆಮೇಲೆ ಇಳಿದರು, ಗಣಿಯ ಹೊಸ ಸೂಪರಿಂಟೆಂಡೆಂಟ್ ಮುನಿಸ್ವಾಮಪ್ಪನವರು, ನಾನು ಕಿಟಕಿಯ ಪರದೆ ಹಿಡಿದು ನಿಂತಿದ್ದೇನೆ, ನಮ್ಮ ಯಜಮಾನರು ಬಚ್ಚಲಲ್ಲಿ ಮೂರನೇ ಸಲ ಮುಖ ತೊಳೆಯುತ್ತಿದ್ದಾರೆ — ಲೇ ರತ್ನಾ, ನೀನೇ ಬಿತ್ತಿದ್ದು, ನೀನೇ ಮಾತಾಡು, ಅಂದುಬಿಟ್ಟರು, ಗಂಡಸು ಅಂದರೆ ಗಂಡಸು. ಹೌದು, ನಾನೇ ಬಿತ್ತಿದ್ದು. ನಂದಿದುರ್ಗ ಗಣಿಯ ಈ ಬಂಗಲೆಗೆ ನಾವು ಬಂದಾಗ ದೊರೆಗಳು ಬಿಟ್ಟುಹೋದ ಹುಲ್ಲು ಮುಂದೆ ಹಾಸಿಕೊಂಡಿತ್ತು, ಹಸು ಕಟ್ಟುವ ಹಾಗಿಲ್ಲ, ಹಪ್ಪಳ ಒಣಹಾಕುವ ಹಾಗಿಲ್ಲ, ಸುಮ್ಮನೆ ನೋಡಬೇಕು, ಮಾಲಿ ಕುಪ್ಪುಸ್ವಾಮಿ ದಿನಾ ಎಂಟು ಕೊಡ ನೀರು ಕುಡಿಸಿ ವಾರಕ್ಕೊಮ್ಮೆ ಅದಕ್ಕೆ ಕ್ಷೌರ ಮಾಡುತ್ತಿದ್ದ, ಒಂದು ಗುಬ್ಬಿಯಾದರೂ ಅತ್ತ ಸುಳಿಯಲಿ, ಊಹೂಂ, ಕ್ಯಾಸಂಬಳ್ಳಿಯ ರೈತನ ಮಗಳು ಎಷ್ಟು ದಿನ ತಡೆದುಕೊಂಡಾಳು, ಆಷಾಢದಲ್ಲಿ ಯಜಮಾನರು ಹದಿನೈದು ದಿನ ಬೆಂಗಳೂರಿಗೆ ಹೋದರು, ಅಗೆಸಿಯೇಬಿಟ್ಟೆ. ರಾಗಿ ಚೆಲ್ಲಿದೆ, ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ಅಲಸಂದೆ, ಜೋಳ. ಅಮ್ಮಾ, ದೊರೆಸಾನಿ ನೋಡಿದ್ರೆ ಅತ್ತುಬಿಡ್ತಾರಮ್ಮಾ, ಅಂದ ಕುಪ್ಪುಸ್ವಾಮಿ. ದೊರೆಸಾನಿ ಹಡಗು ಹತ್ತಿ ಎರಡು ವರ್ಷವಾಯಿತು, ಅಲ್ಲೇ ಅಳಲಿ ಬಿಡು.

ಇವರು ಬೆಂಗಳೂರಿನಿಂದ ಬಂದರು, ನೋಡಿದರು — ಉಲ್ಲು ಎಷ್ಟು ಚೆಂದಾಗಿ ಚಿಗುರೈತಲ್ಲ ಕುಪ್ಪುಸ್ವಾಮೀ! ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ, ಬಂಗಾರಪೇಟೆಯ ಅಂಗಡಿ ಬೀದಿಯಲ್ಲಿ ಬೆಳೆದವರು, ಎರಡು ಹೊತ್ತೂ ಮುದ್ದೆ ನುಂಗುತ್ತಾರೆ, ಪೈರು ಕಂಡವರಲ್ಲ. ತೆನೆ ಬಂದ ದಿನ ತಲೆಯ ಮೇಲೆ ಕೈಹೊತ್ತು ಕೂತರು, ಸಿಟ್ಟಿನಲ್ಲಿ ಪೈರಿಗೆ ಇಳಿಯಹೋದರು, ಮೆಟ್ಟು ಬಿಟ್ಟು ಇಳೀರಿ, ತೆನೆ ಐತೆ, ಅಂತ ನಾನೇ ಗದರಿದೆ, ನಮ್ಮೂರಲ್ಲಿ ತೆನೆ ಹೊತ್ತ ಹೊಲಕ್ಕೆ ಮೆಟ್ಟು ಹಾಕಿ ಯಾರೂ ಇಳಿಯುವುದಿಲ್ಲ. ಆಮೇಲೆ ಬಂತು ಆಫೀಸಿನ ಕಾಗದ, ಹುಲ್ಲುಹಾಸು ಕೆಡಿಸಿದವರು ಬಂಗಲೆ ಖಾಲಿ ಮಾಡಬೇಕು, ತನಿಖೆಗೆ ಸಾಹೇಬರೇ ಬರುತ್ತಾರೆ. ಭಯವಾಗುತ್ತಿದೆ, ಸುಳ್ಳೇಕೆ. ಮತ್ತೆ ನಾವು ಮೊದಲಿದ್ದ ಆ ಲೈನು ಮನೆ, ಇಪ್ಪತ್ತು ಮನೆಗೆ ಒಂದು ನಲ್ಲಿ, ಅದನ್ನಾದರೂ ಸಹಿಸಬಹುದು, ಕೊಯ್ಲಿಗೆ ಇನ್ನು ಹತ್ತೇ ದಿನ ಇರುವಾಗ ಬಿಟ್ಟುಹೋಗುವುದು ಹೇಗೆ, ಈಗಷ್ಟೇ ಗುಬ್ಬಿಗಳಿಗೆ ದಾರಿ ಗೊತ್ತಾಗಿದೆ.

ಬೂಟು ನಡೆಯುತ್ತಿದೆ, ಗರಗರ ಜಲ್ಲಿ, ನಾನು ಮೆಟ್ಟಿಲಿಗೆ ಬಂದೆ ಯಾವಾಗ, ತುಳಿಯುತ್ತಾರೆ, ಈಗ ತುಳಿಯುತ್ತಾರೆ, ಬೂಟು ಪೈರಿನ ಅಂಚಿಗೆ ಬಂತು, ನಿಂತಿತು. ಯಾರಮ್ಮಾ ಬಿತ್ತಿದ್ದು? ನಾನೇ ಸ್ವಾಮಿ. ಅವರು ಬಗ್ಗಿದರು, ಏನೋ ಬಿಚ್ಚುತ್ತಿದ್ದಾರೆ, ದಾರ, ಬೂಟಿನ ದಾರ, ಒಂದು ಕಾಲು, ಇನ್ನೊಂದು ಕಾಲು, ಪಂಚೆಯ ಹಾಗೆ ಪ್ಯಾಂಟು ಎತ್ತಿಕಟ್ಟಿ ಸೊಂಟದವರೆಗೆ ರಾಗಿಯಲ್ಲಿ ನಿಂತರು, ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಊದಿ ಬಾಯಿಗೆ ಹಾಕಿಕೊಂಡರು, ಹಿಂದೆ ಬಚ್ಚಲ ಬಾಗಿಲು ಕಿರ್ರೆಂದಿತು, ಸಾಹೇಬರು ತಿರುಗಿ ನನ್ನನ್ನು ಬೈದರು, ಬೈದೇಬಿಟ್ಟರು — ಅಲ್ಲಮ್ಮಾ, ಅಕ್ಕಡೀಲಿ ಉಚ್ಚೆಳ್ಳು ಯಾಕೆ ಆಕಿಲ್ಲ, ಅದರ ಊವಿಲ್ದೆ ಜೇನುಳ ಎಲ್ಲಿಗೆ ಓಗ್ಬೇಕು? — ಕಣ್ಣು ಮಂಜಾಗಿದೆ, ಕಾಣುವುದು ಅಂಚಿನಲ್ಲಿ ಜೋಡಿಸಿಟ್ಟ ಬೂಟು, ಆ ಕರಿ ಬೂಟು, ಖಾಲಿ, ಅದರ ಮೇಲೆ ಒಂದು ಗುಬ್ಬಿ.