ಪಟ್ಟಿಯ ಮೂವತ್ತನೆಯವರು

೧
ಬಾಗಿಲಿನಿಂದ ಶುರು ಮಾಡಲೇ, ಫಾರಂನಿಂದಲೇ? ಬಾಗಿಲಿನಿಂದ ಶುರುವಾದ ಎರಡು ಕರಡುಗಳನ್ನು ಹರಿದು ಹಾಕಿದೆ. ಎರಡರಲ್ಲೂ ನಾನು ಹೇಳುವ ಮೊದಲೇ ಅದು ತೆರೆದುಕೊಂಡಿತು. ಆದ್ದರಿಂದ, ಓದುಗರೇ, ಫಾರಂ.

೨
ಒಂಟಿಯಾಗಿರುವವರ ಮನೆಗೆ ವಾರಕ್ಕೊಮ್ಮೆ ಸ್ವಯಂಸೇವಕರನ್ನು ಕಳಿಸುವ ಪುಟ್ಟ ಸೇವಾಕೇಂದ್ರ. ನಡೆಸುವವಳು ಎಲ್ಲರ ಬಾಯಲ್ಲೂ ದೊಡ್ಡಕ್ಕ. ಅಂಥ ಒಂಟಿ ಜನರ ಪಟ್ಟಿಯಲ್ಲಿ ಮೂವತ್ತು ಹೆಸರಿರಬೇಕು, ಒಬ್ಬರು ಕಡಿಮೆಯಾದರೂ ಕೇಂದ್ರಕ್ಕೆ ಬೀಗ ಎಂದು ಪ್ರಾದೇಶಿಕ ಕಚೇರಿ ಕಡ್ಡಿ ಮುರಿದಂತೆ ಹೇಳಿತ್ತು. ಎರಡು ವರ್ಷದ ಹಿಂದೆ ಒಬ್ಬರು ತೀರಿಕೊಂಡು ಇಪ್ಪತ್ತೊಂಬತ್ತಾಯಿತು. ದೊಡ್ಡಕ್ಕ ಕೂತು, ಒಂದು ಫಾರಂ ತುಂಬಿ, ಮೂವತ್ತನೆಯವರನ್ನು ತಾನೇ ಸೃಷ್ಟಿಸಿದಳು: ಹೆಂಗಸು, ವಯಸ್ಸು ಎಪ್ಪತ್ತೊಂದು, ತನಗೆ ಗೊತ್ತಿದ್ದ ಒಂದು ಕಟ್ಟಡದ ಮೂರನೇ ಮಹಡಿ, ಕೊನೆಯ ಬಾಗಿಲು. (ನನಗಿಂತ ಚೆನ್ನಾಗಿ ಬರೆದಳು. ಹೊಟ್ಟೆಕಿಚ್ಚಾಯಿತು.)

೩
ಸಿಕ್ಕಿಬೀಳಬೇಕಿತ್ತು, ಬೀಳಲಿಲ್ಲ. ಈ ಕೆಲಸದಲ್ಲಿ ಒಂದು ಚಾಳಿಯಿದೆ. ಹೋಗಲು ಮನಸ್ಸಾಗದ ವಾರ ಸ್ವಯಂಸೇವಕರು ಹಿಂದಿನ ವರದಿಯನ್ನೇ ನೋಡಿ ಇಳಿಸಿಬಿಡುತ್ತಾರೆ. ‘ಆರೋಗ್ಯವಾಗಿದ್ದಾರೆ. ಮಾತಾಡಿದೆವು.’ ನೂರು ವಾರ ಅದೇ ಎರಡು ಸಾಲು, ಐದಾರು ಜನರ ಅಕ್ಷರದಲ್ಲಿ. ಮಹಡಿ ಹತ್ತುವ ಉಸಾಬರಿ ಯಾರಿಗೆ ಬೇಕು? ದೊಡ್ಡಕ್ಕ ಕಂಡೂ ಕಾಣದಂತಿದ್ದಳು.

೪
ಹೊಸದಾಗಿ ಸೇರಿದ ನಿವೃತ್ತ ನರ್ಸಮ್ಮ ಮಾತ್ರ ಬೇರೆ ಬರೆದರು: ‘ಸೊರಗಿದ್ದಾರೆ. ಎರಡು ವರ್ಷದಲ್ಲಿ ನೀನೇ ಮೊದಲು ಬಂದವಳು ಅಂದರು.’

ದೊಡ್ಡಕ್ಕ ವರದಿಯನ್ನು ಎರಡು ಸಲ ಓದಿದಳು. ಆ ಕಟ್ಟಡಕ್ಕೆ ಇರುವುದೇ ಎರಡು ಮಹಡಿ. ಯಾರಿಗೂ ಸಿಗಬಾರದೆಂದೇ ಅವಳು ಮೂರು ಎಂದು ಬರೆದದ್ದು. ಯಾವ ಮನೆಗೆ ಹೋಗಿದ್ದಿರಿ ಎಂದು ಕೇಳಿದಳು.

“ಅಡ್ರೆಸ್ ನೀವೇ ಕೊಟ್ಟಿದ್ದಲ್ವಾ?” ಎಂದರು ನರ್ಸಮ್ಮ.

೫
(ಇಲ್ಲಿ ದೊಡ್ಡಕ್ಕ ನನ್ನ ಮೇಲೆ ಹರಿಹಾಯ್ದಳು. ನರ್ಸಮ್ಮನನ್ನು ಕಥೆಯಿಂದ ತೆಗೆಯಬೇಕಂತೆ. ತೆಗೆದೆ. ವರದಿ ಫೈಲಿನಲ್ಲೇ ಉಳಿಯಿತು.)

೬
ಇವತ್ತು ಮಧ್ಯಾಹ್ನ ಪ್ರಾದೇಶಿಕ ಕಚೇರಿಯ ತಪಾಸಣಾಧಿಕಾರಿ ಬಂದರು. ಪಟ್ಟಿಯ ಮೇಲೆ ಕಣ್ಣಾಡಿಸಿ, ಮೂವತ್ತನೆಯವರನ್ನೇ ನೋಡಬೇಕೆಂದರು. ದೊಡ್ಡಕ್ಕ ಅವರನ್ನು ಆ ಕಟ್ಟಡಕ್ಕೆ ಕರೆದೊಯ್ದಳು. ಎರಡನೇ ಮಹಡಿಗೆ ಮೆಟ್ಟಿಲು ಮುಗಿಯಬೇಕಿತ್ತು. ಅಧಿಕಾರಿ ಏದುಸಿರು ಬಿಡುತ್ತಾ ಹತ್ತುತ್ತಲೇ ಹೋದರು. ದೊಡ್ಡಕ್ಕ ಗೋಡೆ ಹಿಡಿದುಕೊಂಡು ಹಿಂಬಾಲಿಸಿದಳು. ಮೇಲೆ ಕೊನೆಯಲ್ಲಿ ಒಂದು ಬಾಗಿಲಿತ್ತು.

ಮುಕ್ತಾಯ ಒಂದು: ಯಾರೂ ತೆರೆಯುವುದಿಲ್ಲ. ನಾಳೆ ಕೇಂದ್ರಕ್ಕೆ ಬೀಗ. ಇಪ್ಪತ್ತೊಂಬತ್ತು ಮನೆಗಳ ಕದ ಇನ್ನು ಯಾರೂ ತಟ್ಟುವುದಿಲ್ಲ.

ಮುಕ್ತಾಯ ಎರಡು: ತೆರೆಯುತ್ತದೆ.

“ಎರಡನೇದೇ ಬರೀರಿ,” ಎಂದಳು ದೊಡ್ಡಕ್ಕ, ನನಗೆ ಮಾತ್ರ ಕೇಳುವಂತೆ.

ಸರಿ, ಆದರೆ ಇಷ್ಟು ದಿನ ಆ ಹೆಂಗಸು ಒಳಗೆ ಹೇಗಿದ್ದಳು ಎಂದೂ ಬರೆಯಬೇಕಾಗುತ್ತದೆ ಎಂದೆ. ದೊಡ್ಡಕ್ಕನಿಗೆ ಅಳು ಒತ್ತರಿಸಿ ಬಂತು.

“ಹಾಗಾದ್ರೆ ಬೇಡ. ಒಳಗೆ ಯಾರೂ ಇಲ್ಲ ಅಂತ ಬರೀರಿ. ಕೇಂದ್ರ ಮುಚ್ಚಿದ್ರೆ ಮುಚ್ಚಲಿ.”

ನಾನು ಎರಡನ್ನೂ ಬರೆಯಲಿಲ್ಲ. ಪೆನ್ನು ಕೆಳಗಿಟ್ಟೆ.

ಅಧಿಕಾರಿ ಬಾಗಿಲು ತಟ್ಟಿದರು. ಒಳಗೆ ನೆಲದ ಮೇಲೆ ಏನನ್ನೋ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಇನ್ನೂ ಹತ್ತಿರದಲ್ಲಿ. ಆ ಹೆಂಗಸು ಎಂದೂ ಕೇಂದ್ರಕ್ಕೆ ಬಾರದಿರಲು ಒಂದು ನೆಪ ಬೇಕಿತ್ತೆಂದು, ಫಾರಂನಲ್ಲಿ ‘ಎರಡೂ ಕಾಲಿಗೆ ಸ್ವಾಧೀನವಿಲ್ಲ’ ಎಂದು ಬರೆದವಳು ದೊಡ್ಡಕ್ಕನೇ.

“ನಿಧಾನ ಬರ್ಲಿ ಬಿಡಿ,” ಎಂದರು ಅಧಿಕಾರಿ. “ನಾವು ಕಾಯೋಣ.”